ಚಿನ್ನದ ಅದಿರಿನ ಅಗ್ನಿಪರೀಕ್ಷೆ

ಟನ್ನಿಗೆ 5 ಗ್ರಾಂ ಚಿನ್ನವುಳ್ಳ ಅದಿರಿನಿಂದ 30 ಗ್ರಾಂ ಪುಡಿಯನ್ನು ತೆಗೆದುಕೊಂಡರೆ ಅದರಲ್ಲಿರುವ ಚಿನ್ನ 0.15 ಮಿಲಿಗ್ರಾಂ ಮಾತ್ರ. ಗಣಿಯಿಂದ ಬಂದ ಕಲ್ಲು ಅರೆಯುವ ಯಂತ್ರಕ್ಕೆ ಹೋಗತಕ್ಕದ್ದೋ ಕಸದ ದಿಬ್ಬಕ್ಕೋ ಎಂಬುದು ಈ ಅತ್ಯಲ್ಪ ತೂಕವನ್ನು ಅವಲಂಬಿಸಿರುವುದರಿಂದ, ಅದನ್ನು ಕಂಡುಹಿಡಿಯುವ ವಿಧಾನವನ್ನು ನಾವಿಲ್ಲಿ ಪರಿಶೀಲಿಸೋಣ.

ಬೆಣಚುಕಲ್ಲು ಕರಗಲು 1700 ಡಿಗ್ರಿ ಸೆಂಟಿಗ್ರೇಡಿಗೂ ಮಿಗಿಲಾದ ಶಾಖ ಬೇಕು. ಸೋಡಾ ಮತ್ತು ಬಿಳಿಗಾರಗಳನ್ನು ಬೆರೆಸಿದರೆ ಅದು ಸುಮಾರು 1000 ಡಿಗ್ರಿಯಲ್ಲಿಯೇ ಗಾಜಿನಂತೆ ದ್ರವವಾಗುತ್ತದೆ. ಇದರೊಡನೆ ಲಿಥಾರ್ಜ್ ಎಂಬ ಸೀಸದ ಆಕ್ಸೈಡನ್ನೂ ಎರಡು ಮೂರು ಗ್ರಾಂ ಗೋಧಿಹಿಟ್ಟನ್ನೂ ಮೂಸೆಗೆ ಹಾಕುತ್ತಾರೆ. ಅಡಿಗೆಮನೆಯ ಹಿಟ್ಟಿಗೆ ಇಲ್ಲಿ ಏನು ಕೆಲಸವೆಂದು ವಿದ್ಯಾರ್ಥಿಗಳು ಕೇಳುವುದುಂಟು. ಹಿಟ್ಟಿನ ಇಂಗಾಲವು ಲಿಥಾರ್ಜಿನ ಆಕ್ಸಿಜನ್ನನ್ನು ಸೆಳೆದುಕೊಳ್ಳಲು, ಸೀಸವು ಸೂಕ್ಷ್ಮ ಹನಿಗಳಾಗಿ ದ್ರವದಲ್ಲೆಲ್ಲ ಹುಟ್ಟಿ, ಮಳೆಯಂತೆ ಕೆಳಗಿಳಿಯುತ್ತ ಚಿನ್ನಬೆಳ್ಳಿಗಳನ್ನು ತನ್ನಲ್ಲಿ ಕರಗಿಸಿಕೊಂಡು ತಳ ಸೇರುತ್ತದೆ. ಹಟ್ಟಿಯ ಅದಿರಿನಂತೆ ಗಂಧಕದ ಸಂಯುಕ್ತಗಳುಳ್ಳ ಅದಿರಾದರೆ ಗಂಧಕವೂ ಇದೇ ಕೆಲಸವನ್ನು ಮಾಡಿ ಸೀಸವು ಮಿತಿಮೀರುವುದರಿಂದ, ಹಿಟ್ಟನ್ನು ತಗ್ಗಿಸಿ, ಬೇಕಾದರೆ ಪೆಟ್ಲುಪ್ಪನ್ನು ಸೇರಿಸುವರು.

ಕರಗಿದ್ದನ್ನು ಅಚ್ಚಿಗೆ ಹೊಯ್ದು ಆರಿಸಿ, ಮೇಲಣ ಕಿಟ್ಟವನ್ನು ಸುತ್ತಿಗೆಯಿಂದ ಒಡೆದುಹಾಕಿದರೆ ಸೀಸದ ಗುಂಡಿ ದೊರೆಯುತ್ತದೆ. ಇನ್ನು ಚಿನ್ನವನ್ನು ಕೂಡಿಸಿಕೊಟ್ಟ ಸೀಸವನ್ನೇ ಹೊರಗಟ್ಟಬೇಕು. ನಮ್ಮ ಅಭಿಪ್ರಾಯದಲ್ಲಿ ಈ ವಿಧಾನದ ಸೊಗಸೆಲ್ಲ ಇರುವುದು ಈ ಹಂತದಲ್ಲಿ. ಮೂಳೆಬೂದಿಯಿಂದ ಮಾಡಿದ, ಸೂಕ್ಷ್ಮರಂಧ್ರಗಳುಳ್ಳ ಬಟ್ಟಲಿನಲ್ಲಿ ಗುಂಡಿಯನ್ನಿಟ್ಟು, ಗಾಳಿಯಾಡುವ ಕುಲುಮೆಯಲ್ಲಿ ಸುಮಾರು 900 ಡಿಗ್ರಿಗೆ ಕಾಯಿಸುತ್ತಾರೆ. ಸೀಸವು ಮತ್ತೆ ಆಕ್ಸೈಡಾಗುತ್ತದೆ. ದ್ರವರೂಪದ ಆಕ್ಸೈಡು ಬಟ್ಟಲನ್ನು ನೆನೆಸಿ ಒಳಕ್ಕೆ ಇಂಗುತ್ತದೆ; ಲೋಹದ ಹನಿಯಾದರೋ ಮೇಲ್ಮೈ ಸೆಳೆತದಿಂದ ದುಂಡಗೆ ಮೇಲೆಯೇ ನಿಲ್ಲುತ್ತದೆ. ಶಾಖ ಹೆಚ್ಚಾದರೆ ಬೆಳ್ಳಿ ನಷ್ಟವಾಗುವುದು. ಕಡಿಮೆಯಾದರೆ ಸೀಸದ ಮೇಲೆ ಪೊರೆಕಟ್ಟಿ ಕ್ರಿಯೆ ನಿಂತುಹೋಗುವುದು. ಬಟ್ಟಲಿನ ಅಂಚಿನಲ್ಲಿ ಗರಿಯಂಥ ಲಿಥಾರ್ಜ್ ಹರಳುಗಳು ಮೂಡಿದರೆ ಹದ ಸರಿಯಾಗಿದೆಯೆಂದು ಅನುಭವಿಗಳು ತಿಳಿಯುತ್ತಾರೆ. ಅಶುದ್ಧವಾದ ಚಿನ್ನವನ್ನು ಸೀಸದಿಂದ ಶೋಧಿಸುವ ಕ್ರಮವನ್ನು ಕೌಟಿಲ್ಯನ ಅರ್ಥಶಾಸ್ತ್ರವೂ ಹೇಳುತ್ತದೆ.

ಉಳಿದ ಮಣಿಯಲ್ಲಿ ಚಿನ್ನದ ಸುಮಾರು ಮೂರರಷ್ಟು ಬೆಳ್ಳಿಯಿದ್ದರೆ ಮಾತ್ರ ನೈಟ್ರಿಕ್ ಆಮ್ಲವು ಬೆಳ್ಳಿಯನ್ನು ಪೂರ್ಣವಾಗಿ ಕರಗಿಸಬಲ್ಲದು. ಇಲ್ಲವಾದರೆ ಚಿನ್ನವು ಅದನ್ನು ಮರೆಮಾಡುತ್ತದೆ. ಆದಕಾರಣ ಮೊದಲೇ ಬೆಳ್ಳಿಯನ್ನು ಸೇರಿಸುವುದು ವಾಡಿಕೆ. ಕೊನೆಗೆ ಉಳಿದ ಕಂದುಬಣ್ಣದ ಚಿನ್ನವು ಕಾಯಿಸಿದಾಗ ಹೊಂಬಣ್ಣವನ್ನು ತಾಳುತ್ತದೆ. ಅದನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತಾರೆ.

ಇಂದು ಅನೇಕ ಪ್ರಯೋಗಶಾಲೆಗಳು ತೂಗುವ ಬದಲು ಮಣಿಯನ್ನು ಕರಗಿಸಿ ಉಪಕರಣಗಳಿಂದ ಅಳೆಯುತ್ತವೆ. ಆದರೂ 30 ಗ್ರಾಂ ಕಲ್ಲಿನೊಳಗಿನ ಚಿನ್ನವನ್ನು ಒಂದೆಡೆ ಕೂಡಿಸುವ ಕೆಲಸವನ್ನು ಸೀಸಕ್ಕೇ ಬಿಟ್ಟಿವೆ. ಸೀಸದ ಹೊಗೆ ವಿಷವಾದುದರಿಂದ ಕುಲುಮೆಗೆ ಹೊಗೆಯನ್ನು ಸೆಳೆಯುವ ಏರ್ಪಾಡು ಅತ್ಯಗತ್ಯ. ಅಲ್ಲದೆ, ಕುಲುಮೆಯ ದೋಷಕ್ಕಿಂತ ಮಾದರಿಯ ದೋಷವೇ ಎಷ್ಟೋ ವೇಳೆ ದೊಡ್ಡದು: ಚಿನ್ನದ ಒಂದು ದಪ್ಪ ಕಣವು ಆ 30 ಗ್ರಾಂ ಪುಡಿಯಲ್ಲಿ ಬಿದ್ದರೆ ಅದಿರು ಸಮೃದ್ಧವೆಂದು ತೋರುತ್ತದೆ, ಬೀಳದಿದ್ದರೆ ಬರಡೆಂದು.