ಗುರುವೇ ಶಿಷ್ಯನಾದಾಗ

ಇಂಗ್ಲಿಷ್ ಕಲಿಸಲೆಂದು ಬ್ಯಾಂಕಾಕಿನಲ್ಲಿ ಬಂದಿಳಿದ ನಾವು, ಮೊದಲು ಕಲಿಯಬೇಕಾದವರು ನಾವೇ ಎಂಬುದನ್ನು ಅರಿತಿರಲಿಲ್ಲ. ಬಾಡಿಗೆ ಕೋಣೆಗೆ ಎರಡು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ ತೆತ್ತಾಗ ಕೈ ಬರಿದಾಯಿತು. ಸಂಬಳವಾದರೋ ತಿಂಗಳ ಕೊನೆಗೆ. ಅಲ್ಲಿ ವೀಸಾ ಒಂದೇ ಸಾಲದು, ಕೆಲಸದ ಪರವಾನಗಿಯೂ ಬೇಕು. 90 ದಿನಗಳಿಗೊಮ್ಮೆ ವಲಸೆ ಕಚೇರಿಗೆ ವಿಳಾಸ ತಿಳಿಸಬೇಕು.

ಇವೆಲ್ಲಕ್ಕಿಂತ ಕಠಿಣವಾದುದು ಭಾಷೆ. ಥಾಯ್ ನುಡಿಯಲ್ಲಿ ದನಿಯ ಏರಿಳಿತ 5 ಬಗೆ. ‘ಕ್ಲೈ’ ಎಂಬುದನ್ನು ಸಮದನಿಯಲ್ಲಿ ನುಡಿದರೆ ‘ದೂರ’, ದನಿ ಇಳಿಸಿ ನುಡಿದರೆ ‘ಹತ್ತಿರ’. ಶಾಲೆ ದೂರವೆಂದು ಕಟ್ಟಡದ ಕಾವಲುಗಾರ ಹೇಳಿದುದನ್ನು ಹತ್ತಿರವೆಂದು ತಿಳಿದು, ಮೊದಲ ದಿನವೇ ನಡೆದು ಹೊರಟೆವು. ಬೆಳಿಗ್ಗೆ 8 ಗಂಟೆಯ ರಾಷ್ಟ್ರಗೀತೆ ಮುಗಿದು ಎಷ್ಟೋ ಹೊತ್ತಿನ ಮೇಲೆ, ಬೆವರಿನಲ್ಲಿ ತೊಯ್ದು ತರಗತಿಯನ್ನು ಹೊಕ್ಕೆವು. ಕೆಲಸ ಹೋಯಿತೆಂದೇ ಅಂಜಿದ್ದೆವು. ಮಕ್ಕಳಾದರೋ ಎದ್ದು ಕೈಮುಗಿದು, ‘ಖ್ರೂ’ ಎಂದು ವಂದಿಸಿದರು. ಆ ಪದ ನಮ್ಮ ‘ಗುರು’ವಿನದೇ ರೂಪವೆಂದು ತಿಳಿದಾಗ ಕಣ್ಣು ತುಂಬಿತು.

ಅಂದು ಸಂಜೆಯೇ ಕಾವಲುಗಾರನ ಬಳಿ ಕುಳಿತು ದನಿಯ ಪಾಠ ಆರಂಭಿಸಿದೆವು. ಮಕ್ಕಳನ್ನು ಪರದೇಶಕ್ಕೆ ಕಳುಹಿಸುವ ಹೆತ್ತವರೇ, ಎರಡು ಮೂರು ತಿಂಗಳ ಖರ್ಚಿನೊಂದಿಗೆ ಕಲಿಯುವ ವಿನಯವನ್ನೂ ಕಟ್ಟಿಕೊಡಿರಿ. ಖರ್ಚಿನ ಹಣ ಕರಗೀತು, ವಿನಯ ಕರಗದು.