ಪಾಪಾಸುಕಳ್ಳಿ: ಗುರುತು ಮತ್ತು ಮೇವಿನ ಬಳಕೆ

ಮಳೆ ಕೈಕೊಟ್ಟ ವರ್ಷ ಮೇವಿಗಾಗಿ ಪರದಾಡುವ ರೈತರ ಕಣ್ಣು ಬದುವಿನ ಕಳ್ಳಿಯ ಮೇಲೆ ಬೀಳುವುದು ಸಹಜ. ಆದರೆ ಕನ್ನಡದಲ್ಲಿ ಕಳ್ಳಿ ಎನಿಸಿಕೊಳ್ಳುವ ಗಿಡಗಳೆಲ್ಲ ಒಂದೇ ಕುಟುಂಬಕ್ಕೆ ಸೇರಿದವಲ್ಲ. ಗುರುತು ತಪ್ಪಿದರೆ ದನಕರುಗಳಿಗೆ ಅಪಾಯ.

ಹಾಲು ಇದೆಯೇ ನೋಡಿ

ಬೊಂತಕಳ್ಳಿ, ಚದುರಗಳ್ಳಿ ಮೊದಲಾದವು ಯುಫೋರ್ಬಿಯಾ ಜಾತಿಯವು. ಇವುಗಳನ್ನು ಕತ್ತರಿಸಿದರೆ ಬಿಳಿ ಹಾಲು ಒಸರುತ್ತದೆ. ಈ ಹಾಲು ಚರ್ಮವನ್ನು ಸುಡುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಇವು ಮೇವಲ್ಲ. ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ, ನೀರಿನಂತಹ ಲೋಳೆ ಮಾತ್ರ ಇರುತ್ತದೆ. ಇದು ಅಮೆರಿಕ ಖಂಡದಿಂದ ಬಂದ ಕ್ಯಾಕ್ಟಸ್ ಕುಟುಂಬದ ಗಿಡ. ಈಗ ಬಡಾವಣೆಯಾಗಿರುವ ಬೆಂಗಳೂರು ದಕ್ಷಿಣದ ಚಿಕ್ಕಲಸಂದ್ರದಂತಹ ಕಡೆ ತಾರಸಿಯ ಕುಂಡಗಳಲ್ಲಿ ಬೆಳೆಸುವ ಪುಟ್ಟ ಕ್ಯಾಕ್ಟಸ್‌ಗಳೂ ಇದೇ ಕುಟುಂಬದವು.

ಗಿಡದ ರಚನೆ

ಎಲೆಯಂತೆ ಕಾಣುವ ದಪ್ಪ ಹಸಿರು ಹಲಗೆ ನಿಜವಾಗಿ ಕಾಂಡ. ನಿಜವಾದ ಎಲೆಗಳು ಎಳೆಯ ಹಲಗೆಯ ಮೇಲೆ ಚಿಕ್ಕ ಮೊಳೆಗಳಂತೆ ಮೂಡಿ ಬೇಗ ಉದುರುತ್ತವೆ. ಹಲಗೆಯ ಮೇಲಿನ ಚುಕ್ಕೆಯಂತಹ ಗೂಡುಗಳಿಂದ ಮುಳ್ಳು, ಹೂವು, ಹೊಸ ಹಲಗೆ ಎಲ್ಲವೂ ಹೊರಡುತ್ತವೆ. ಈ ಗೂಡುಗಳೇ ಕ್ಯಾಕ್ಟಸ್ ಕುಟುಂಬದ ಖಚಿತ ಗುರುತು. ಉದ್ದ ಮುಳ್ಳುಗಳ ಬುಡದಲ್ಲಿ ಕೂದಲಿನಂತಹ ಸೂಕ್ಷ್ಮ ಮುಳ್ಳುಗಳ ಗೊಂಚಲು ಇರುತ್ತದೆ. ಇವು ಮುಟ್ಟಿದೊಡನೆ ಕಳಚಿ ಚರ್ಮಕ್ಕೆ ನಾಟುತ್ತವೆ.

ಹಲಗೆಗೆ ಮೇಣದ ಹೊದಿಕೆ ಇದೆ. ಉಸಿರಾಟದ ರಂಧ್ರಗಳು ಮುಖ್ಯವಾಗಿ ರಾತ್ರಿ ತೆರೆಯುವುದರಿಂದ ನೀರು ಹೆಚ್ಚು ಆವಿಯಾಗುವುದಿಲ್ಲ. ಬೇರು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲಿ ಹರಡಿ ಸಣ್ಣ ಮಳೆಯ ನೀರನ್ನೂ ಹೀರುತ್ತದೆ.

ಹರಡುವಿಕೆ ಮತ್ತು ಹತೋಟಿ

ಒಂದು ಹಲಗೆ ಮಣ್ಣಿಗೆ ಬಿದ್ದರೂ ಬೇರು ಬಿಡುತ್ತದೆ. ಈ ಗುಣದಿಂದಲೇ ಪಾಪಾಸುಕಳ್ಳಿ ದಕ್ಷಿಣ ಭಾರತದಲ್ಲಿ ದೊಡ್ಡ ಕಳೆಯಾಗಿ ಹಬ್ಬಿತ್ತು. 1926ರಲ್ಲಿ ಶ್ರೀಲಂಕಾದಿಂದ ತಂದ ಕೊಚಿನೀಲ್ ಜಾತಿಯ ಕೀಟ ಇದರ ರಸ ಹೀರಿ ಕೆಲವೇ ವರ್ಷಗಳಲ್ಲಿ ಹತೋಟಿಗೆ ತಂದಿತು. ಹಲಗೆಯ ಮೇಲೆ ಬಿಳಿ ಹತ್ತಿಯಂತಹ ಮುದ್ದೆ ಕಂಡು, ಹಿಸುಕಿದಾಗ ಕೆಂಪು ಬಣ್ಣ ಬಂದರೆ ಅದು ಕೊಚಿನೀಲ್ ಕೀಟವೆಂದು ತಿಳಿಯಬೇಕು.

ಮೇವಾಗಿ ಬಳಸುವಾಗ

1. ಮುಳ್ಳಿನ ಜಾತಿಯನ್ನು ಹಾಗೆಯೇ ತಿನ್ನಿಸಬಾರದು. ಬಾಯಿ, ನಾಲಿಗೆಗೆ ಗಾಯವಾಗುತ್ತದೆ. ಅನಿವಾರ್ಯವಾದರೆ ಉರಿಯ ಮೇಲೆ ಹಿಡಿದು, ಸೂಕ್ಷ್ಮ ಮುಳ್ಳುಗಳೂ ಸೇರಿ ಎಲ್ಲ ಮುಳ್ಳನ್ನೂ ಪೂರ್ತಿ ಸುಡಬೇಕು.

2. ಹಲಗೆಯಲ್ಲಿ ಸುಮಾರು ಶೇಕಡಾ 90ರಷ್ಟು ನೀರು, ಸಸಾರಜನಕ ಕಡಿಮೆ. ಇದನ್ನೇ ತಿನ್ನಿಸಿದರೆ ಸಗಣಿ ನೀರಾಗುತ್ತದೆ. ತುಂಡರಿಸಿ ರಾಗಿಹುಲ್ಲು ಅಥವಾ ಜೋಳದ ಸೊಪ್ಪೆಯೊಂದಿಗೆ ಬೆರೆಸಿ, ಸ್ವಲ್ಪದಿಂದ ಆರಂಭಿಸಿ ರೂಢಿ ಮಾಡಿಸಬೇಕು. ಜೊತೆಗೆ ಹಿಂಡಿಯನ್ನೂ ಕೊಡುವುದು ಒಳ್ಳೆಯದು.

3. ಹೊಸದಾಗಿ ಬೆಳೆಸುವವರು ಮುಳ್ಳಿಲ್ಲದ ಮೇವಿನ ಜಾತಿಯನ್ನೇ ಆರಿಸಬೇಕು. ಕತ್ತರಿಸಿದ ಹಲಗೆಯನ್ನು ಒಂದೆರಡು ವಾರ ನೆರಳಿನಲ್ಲಿಟ್ಟು, ಗಾಯ ಒಣಗಿದ ಮೇಲೆ ನೀರು ನಿಲ್ಲದ ಭೂಮಿಯಲ್ಲಿ ನೆಡಬೇಕು. ನೀರು ನಿಂತರೆ ಹಲಗೆ ಕೊಳೆಯುತ್ತದೆ.

ಬರ ಬಂದ ಮೇಲೆ ನೆಟ್ಟರೆ ಆ ವರ್ಷದ ಮೇವಿಗೆ ಅದು ಒದಗದು. ಮಳೆ ಚೆನ್ನಾಗಿರುವ ವರ್ಷವೇ ಬದುವಿನಲ್ಲಿ ಒಂದು ಸಾಲು ನೆಟ್ಟುಕೊಳ್ಳುವುದು ಜಾಣತನ.