ಬೆಳೆದ ನಾಯಿಯನ್ನು ಮನೆಗೆ ತರುವವರಿಗೆ

ವರ್ಷದ ನಡುವೆ ಬೇರೆ ಶಾಲೆಯಿಂದ ಬಂದು ಸೇರಿದ ಹುಡುಗನು ಮೊದಲ ದಿನವೇ ಪಾಠ ಒಪ್ಪಿಸಲಾರ. ಗೋಡೆಯ ಬದಿಗೆ ಕುಳಿತು ಮಾಸ್ತರರ ಮುಖವನ್ನೂ ಬಾಗಿಲನ್ನೂ ನೋಡುತ್ತಿರುತ್ತಾನೆ. ಜತ್ತ ತಾಲೂಕಿನ ನಮ್ಮ ದ್ರಾಕ್ಷಿ ತೋಟಕ್ಕೆ 2022ರ ದೀಪಾವಳಿಯ ತರುವಾಯ ತಂದ ನಾಯಿಯೂ ಹೀಗೆಯೇ ಇತ್ತು.

ಅದು ಜರ್ಮನ್ ಶೆಫರ್ಡ್. ನಮ್ಮ ಕಡೆ ಅಲ್ಸೇಶಿಯನ್ ಎನ್ನುವ ತಳಿ. ವಯಸ್ಸು ನಾಲ್ಕು. ಸಾಕಿದವರು ಊರು ಬಿಡುವಾಗ ಪೇಟೆಯ ಪ್ರಾಣಿ ಆಶ್ರಯಧಾಮಕ್ಕೆ ಒಪ್ಪಿಸಿ ಹೋಗಿದ್ದರು. ಮರಿಯನ್ನು ಬಿಟ್ಟು ದೊಡ್ಡ ನಾಯಿಯನ್ನೇಕೆ ತಂದಿರೆಂದು ನೆರೆಯವರು ಕೇಳಿದರು. ಬೆಳೆದ ನಾಯಿಯ ಮೈಕಟ್ಟು, ಗುಣ, ನಡಿಗೆ ಎಲ್ಲವೂ ಕಣ್ಣೆದುರೇ ಇರುತ್ತವೆ. ಇದು ಮರಿಯಲ್ಲಿ ಸಿಗದ ಅನುಕೂಲ. ಆದರೆ ಒಂದೇ ಸಲ ನೋಡಿ ತರಬಾರದು. ನಾವು ಮೂರು ಸಲ ಹೋದೆವು. ಅದನ್ನು ನಡೆಸಿ ಹಿಂಗಾಲುಗಳನ್ನು ನೋಡಿದೆವು. ಈ ತಳಿಗೆ ಸೊಂಟದ ಕೀಲಿನ ದೋಷ ಬರುವುದುಂಟು. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಚೀಟಿಯನ್ನೂ ಕೇಳಿ ಪಡೆದೆವು.

ಮನೆಗೆ ಬಂದ ಮೇಲೆ ಎರಡು ದಿನ ಅದು ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಮಗನು ತಟ್ಟೆ ಸರಿಸಲು ಹೋದಾಗ ಗುರುಗುಟ್ಟಿತು. ಮರಳಿ ಬಿಟ್ಟುಬರೋಣವೆಂದು ಮನೆಯವರು ಹಟ ಹಿಡಿದರು. ನಾವು ಒಂದು ತಿಂಗಳ ಗಡುವು ಕೇಳಿಕೊಂಡೆವು. ಹಳೆಯ ಹೆಸರಿನಿಂದಲೇ ಕರೆದೆವು. ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟವಿಟ್ಟು, ಉಣ್ಣುವಾಗ ಯಾರೂ ಹತ್ತಿರ ಸುಳಿಯದಂತೆ ಮಾಡಿದೆವು. ಮಕ್ಕಳೊಡನೆ ಒಂಟಿಯಾಗಿ ಬಿಡಲಿಲ್ಲ. ಮೂರು ವಾರಕ್ಕೆ ಅದು ತಾನಾಗಿ ಬಂದು ಮಗನ ಕಾಲಬಳಿ ಮಲಗಿತು.

ಎರಡನೆಯ ತಪ್ಪು ನಮ್ಮದೇ. ಶೆಫರ್ಡ್ ಎಂದರೆ ಕುರುಬ. ಹುಟ್ಟಿನಿಂದಲೇ ಕುರಿ ಕಾಯುವುದೆಂದು ತಿಳಿದು, ನೆರೆಯವರ ಹಿಂಡಿನತ್ತ ಬಿಟ್ಟೆವು. ಅದು ಕುರಿಗಳನ್ನು ದಿಕ್ಕಾಪಾಲಾಗಿ ಓಡಿಸಿತು. 1899ರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಸ್ಟೆಫನಿಟ್ಸ್ ಎಂಬವರು ಈ ತಳಿಯನ್ನು ಒಂದು ಶಿಸ್ತಿಗೆ ತಂದರು. ಅಲ್ಲಿ ಬೇಲಿಯಿಲ್ಲದ ಹೊಲಗಳ ನಡುವೆ ಕುರಿ ಮೇಯುವಾಗ, ಹಿಂಡು ಬೆಳೆಗೆ ನುಗ್ಗದಂತೆ ನಾಯಿಯು ಬದುವಿನುದ್ದಕ್ಕೂ ಅತ್ತಿತ್ತ ಓಡಾಡುತ್ತಿತ್ತು. ಓಟ ರಕ್ತದಲ್ಲಿದೆ, ನಿಜ, ಶಿಸ್ತನ್ನು ಕಲಿಸಲೇಬೇಕು. ಅಂದಿನಿಂದ ಉದ್ದ ಹಗ್ಗ ಕಟ್ಟಿ, ದೂರದಿಂದಲೇ ಕುರಿಗಳನ್ನು ತೋರಿಸುತ್ತ ಬಂದೆವು.

ನಮ್ಮ ದ್ರಾಕ್ಷಿಯ ನಾಡಿನ ರೈತರು ಮುಖ್ಯವಾಗಿ ತಿಳಿಯಬೇಕಾದುದು ಮುಂದಿದೆ. 2023ರ ಮಾರ್ಚಿನಲ್ಲಿ ಒಣಗಿಸುವ ಮಂಟಪದ ಕೆಳಗೆ ಉದುರಿದ್ದ ಒಣದ್ರಾಕ್ಷಿಯನ್ನು ನಾಯಿ ತಿನ್ನುತ್ತಿದ್ದುದು ಕಣ್ಣಿಗೆ ಬಿತ್ತು. ಹಣ್ಣು ತಿಂದರೇನು ಕೇಡು ಎಂದು ನಗುವುದರಲ್ಲಿದ್ದೆವು. ಪಶುವೈದ್ಯರಿಗೆ ಫೋನು ಮಾಡಿದ ಮೇಲೆ ನಗು ಅಡಗಿತು. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಯಾವ ನಾಯಿಗೆ ಎಷ್ಟು ತಿಂದರೆ ಅಪಾಯವೆಂದು ಮೊದಲೇ ಹೇಳಲಾಗದು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬಹುದೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದ್ದಾರೆ. ಒಂದು ಗಂಟೆಯೊಳಗೆ ಆಸ್ಪತ್ರೆಗೆ ಒಯ್ದೆವು. ವಾಂತಿ ಮಾಡಿಸಿ, ಎರಡು ದಿನ ಸಲೈನ್ ಕೊಟ್ಟರು. ನಾಯಿ ಉಳಿಯಿತು. ವಾಂತಿ, ಮಂಕು, ಮೂತ್ರ ಕಡಿಮೆಯಾಗುವುದು ಇವು ಲಕ್ಷಣಗಳು. ಅವು ಕಾಣಲೆಂದು ಕಾಯುತ್ತ ಕೂಡಬಾರದು. ಈಗ ಮಂಟಪದ ಸುತ್ತ ಬಲೆ ಕಟ್ಟಿದ್ದೇವೆ, ಉದುರಿದ್ದನ್ನು ಸಂಜೆಗೇ ಗುಡಿಸುತ್ತೇವೆ.

ಈ ತಳಿಗೆ ಎರಡು ಪದರದ ದಟ್ಟ ಕೂದಲುಂಟು. ಬೇಸಿಗೆಯಲ್ಲಿ ಅದನ್ನು ಬೋಳಿಸಬಾರದು. ಬೇವಿನ ನೆರಳು, ತುಂಬಿದ ನೀರಿನ ಬಾನಿ, ಬಿಸಿಲೇರುವ ಮುಂಚಿನ ತಿರುಗಾಟ ಇಷ್ಟಿದ್ದರೆ ತಡೆದುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಚುಚ್ಚುಮದ್ದನ್ನು ಮರೆಯತಕ್ಕದ್ದಲ್ಲ.

ಬೆಳೆದ ನಾಯಿ ಬರಿಗೈಯಲ್ಲಿ ಬರುವುದಿಲ್ಲ. ಇನ್ನೊಂದು ಮನೆಯ ಪಾಠವನ್ನು ಹೊತ್ತು ಬರುತ್ತದೆ. ಅದನ್ನು ಓದಿಕೊಳ್ಳುವಷ್ಟು ತಾಳ್ಮೆ ನಮ್ಮಲ್ಲಿದ್ದರೆ, ಹೊಸ ಪಾಠ ಕಲಿಸುವುದು ಕಷ್ಟವೇನಲ್ಲ. ತಿಂಗಳ ಗಡುವು ಮುಗಿದು ಎಷ್ಟೋ ಕಾಲವಾಯಿತು. ಮರಳಿ ಬಿಡುವ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿಲ್ಲ.